ಮನೆಯೊಳಗೆ ಹಾರಿಸಲು ಫೋನ್ ನಿಯಂತ್ರಿತ ಪುಟ್ಟ ಡ್ರೋನ್: ಬಳಸಿದವರ ಅನುಭವ ಬೇಕಾಗಿದೆ

ಕೋರಿಕೆ: ಹತ್ತು ವರ್ಷದ ನನ್ನ ಮಗಳು ಬಹಳ ದಿನಗಳಿಂದ ಡ್ರೋನ್ ಬೇಕೆಂದು ಕೇಳುತ್ತಿದ್ದಾಳೆ. ಹಾರಿಸಲು ನಮಗಿರುವುದು ಸುಮಾರು 12 ಅಡಿ ಅಗಲ, 15 ಅಡಿ ಉದ್ದದ ಒಂದು ಕೋಣೆ ಮಾತ್ರ. ಪ್ರತ್ಯೇಕ ರಿಮೋಟ್ ಇಲ್ಲದೆ ಸ್ಮಾರ್ಟ್‌ಫೋನಿನಿಂದಲೇ ನಡೆಸುವ ಡ್ರೋನ್‌ಗಳು ಇಷ್ಟು ಜಾಗದಲ್ಲಿ ಹಿಡಿತಕ್ಕೆ ಸಿಗುತ್ತವೆಯೇ? ಕೊಳ್ಳುವಾಗ ಮುಖ್ಯವಾಗಿ ಏನನ್ನು ನೋಡಬೇಕು? ಬಳಸಿದವರು ದಯವಿಟ್ಟು ತಿಳಿಸಿ.

ಉತ್ತರ: ಮೂರು ವರ್ಷಗಳಿಂದ ಇಂಥವನ್ನು ಮನೆಯೊಳಗೇ ಹಾರಿಸುತ್ತಿದ್ದೇನೆ. ನಿಮ್ಮ ಕೋಣೆ ಸಾಕಾಗುತ್ತದೆ, ಆದರೆ ಕೈಬಿಟ್ಟಾಗ ನಿಂತಲ್ಲೇ ನಿಲ್ಲುವ ಡ್ರೋನನ್ನು ಆರಿಸಿಕೊಂಡರೆ ಮಾತ್ರ. ರಿಮೋಟಿನ ಕಡ್ಡಿಯನ್ನು ಬಿಟ್ಟೊಡನೆ ಅದು ಸ್ಪ್ರಿಂಗಿನ ಬಲದಿಂದ ನಡುವಿಗೆ ಮರಳುತ್ತದೆ, ಎಷ್ಟು ತಳ್ಳಿದ್ದೇವೆ ಎಂಬುದು ಬೆರಳಿಗೇ ಗೊತ್ತಾಗುತ್ತದೆ. ಫೋನಿನ ಗಾಜಿನ ಮೇಲೆ ಆ ಸ್ಪರ್ಶವಿಲ್ಲ. ಕಣ್ಣು ಡ್ರೋನಿನ ಮೇಲಿರುವಾಗ ಹೆಬ್ಬೆರಳು, ಕಡ್ಡಿಯ ಬದಲಿಗೆ ಪರದೆಯಲ್ಲಿ ಮೂಡುವ ವೃತ್ತದಿಂದ ಅರಿವಿಲ್ಲದೆ ಜಾರಿಬಿಡುತ್ತದೆ, ಅದು ತಿಳಿಯುವಷ್ಟರಲ್ಲಿ ಡ್ರೋನ್ ಗೋಡೆಗೆ ತಗಲಿರುತ್ತದೆ. ಈ ಕೊರತೆಯನ್ನು ಯಂತ್ರವೇ ತುಂಬಿಕೊಡಬೇಕು.

ಆದ್ದರಿಂದ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ಲಿನದು ಎಂದು ನೋಡುವ ಮೊದಲು, ಡ್ರೋನಿನ ಹೊಟ್ಟೆಯ ಕೆಳಗೆ ನೆಲವನ್ನು ನೋಡುವ ಸೆನ್ಸರ್ ಇದೆಯೇ ಎಂದು ನೋಡಿರಿ. ಪೆಟ್ಟಿಗೆಯ ಮೇಲೆ ಇದನ್ನು ಸಾಮಾನ್ಯವಾಗಿ ‘ಆಪ್ಟಿಕಲ್ ಫ್ಲೋ’ ಎಂದು ಬರೆದಿರುತ್ತಾರೆ. ನೆಲದ ಚಿತ್ರ ಯಾವ ಕಡೆಗೆ ಸರಿಯುತ್ತಿದೆ ಎಂಬುದನ್ನು ಅಳೆದು, ಡ್ರೋನ್ ಅದಕ್ಕೆ ಎದುರಾಗಿ ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ‘ಆಲ್ಟಿಟ್ಯೂಡ್ ಹೋಲ್ಡ್’ ಎಂದಷ್ಟೇ ಬರೆದಿದ್ದರೆ ಅದು ಬೇರೆಯ ಸಂಗತಿ; ಅದು ಬಹುತೇಕ ಗಾಳಿಯ ಒತ್ತಡವನ್ನು ಅಳೆದು ಎತ್ತರವನ್ನು ಮಾತ್ರ ಕಾಯ್ದುಕೊಳ್ಳುತ್ತದೆ, ಪಕ್ಕಕ್ಕೆ ತೇಲಿಹೋಗುವುದನ್ನು ತಡೆಯುವುದಿಲ್ಲ. ನನ್ನ ಮೊದಲ ಡ್ರೋನ್ ಅಂಥದ್ದು. ಕೋಣೆಯ ಬಾಗಿಲನ್ನು ಜೋರಾಗಿ ಮುಚ್ಚಿದರೂ ಅದು ಒಮ್ಮೆ ಮೇಲಕ್ಕೆ ಜಿಗಿಯುತ್ತಿತ್ತು. 2018ರಲ್ಲಿ ಬಂದ ಟೆಲೊ ಎಂಬ ಮಾದರಿಯನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದು: ತೂಕ ಸುಮಾರು 80 ಗ್ರಾಂ, ತಯಾರಕರ ಲೆಕ್ಕದಲ್ಲಿ ಹಾರಾಟ 13 ನಿಮಿಷದವರೆಗೆ, ನೆಲವನ್ನು ನೋಡುವ ಸೆನ್ಸರ್ ಉಂಟು, ಮಕ್ಕಳು ಸ್ಕ್ರ್ಯಾಚ್ ಭಾಷೆಯಲ್ಲಿ ಪ್ರೋಗ್ರಾಂ ಬರೆದು ಅದನ್ನು ಹಾರಿಸಲೂಬಹುದು. ಇದಕ್ಕಿಂತ ಸಣ್ಣ ಆಟಿಕೆಗಳು ಸಾಮಾನ್ಯವಾಗಿ 5ರಿಂದ 8 ನಿಮಿಷ ಹಾರುತ್ತವೆ.

ಆ ಸೆನ್ಸರಿಗೆ ಬೆಳಕೂ ಬೇಕು, ನೆಲದಲ್ಲಿ ಗುರುತಿಸಲು ಏನಾದರೂ ಚಿತ್ತಾರವೂ ಬೇಕು. ನಮ್ಮ ಮನೆಯ ನುಣುಪಾದ ಬಿಳಿ ಟೈಲ್ಸಿನ ಮೇಲೆ, ಅದರಲ್ಲೂ ಸಂಜೆಯ ಮಬ್ಬಿನಲ್ಲಿ, ಎರಡನೆಯ ಡ್ರೋನ್ ಕೂಡ ದಿಕ್ಕುಗೆಟ್ಟು ತೇಲುತ್ತಿತ್ತು. ಹೂಬಳ್ಳಿಯ ಚಿತ್ರವಿರುವ ಹಳೆಯ ಜಮಖಾನೆಯೊಂದನ್ನು ಹಾಸಿ ದೀಪ ಹಾಕಿದ ದಿನದಿಂದ ಆ ತೊಂದರೆ ಮರುಕಳಿಸಿಲ್ಲ.

ಇನ್ನೊಬ್ಬರ ಉತ್ತರ: ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಫೋನಿನ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಇವುಗಳಲ್ಲಿ ಹೆಚ್ಚಿನವು ತಾವೇ ಒಂದು ವೈಫೈ ಜಾಲವನ್ನು ಹೊರಡಿಸುತ್ತವೆ, ಫೋನ್ ಅದಕ್ಕೆ ಸೇರಿಕೊಳ್ಳಬೇಕು. ಆ ಜಾಲದಲ್ಲಿ ಇಂಟರ್ನೆಟ್ ಇಲ್ಲವೆಂದು ಕಂಡುಕೊಂಡ ಫೋನು ಕೆಲವೊಮ್ಮೆ ಹಾರಾಟದ ನಡುವೆಯೇ ತಾನಾಗಿ ಮನೆಯ ವೈಫೈಗೆ ಹೊರಳಿಬಿಡುತ್ತದೆ. ನನಗೆ ಎರಡು ಸಲ ಹೀಗಾಗಿ, ಒಮ್ಮೆ ಡ್ರೋನ್ ಪುಸ್ತಕದ ಕಪಾಟಿನ ಹಿಂದೆ ಬಿದ್ದಿತು. ಈಗ ಮೊದಲು ಏರೋಪ್ಲೇನ್ ಮೋಡ್ ಹಾಕಿ, ಬಳಿಕ ವೈಫೈಯನ್ನು ಮಾತ್ರ ತೆರೆದು, ಮನೆಯ ವೈಫೈಗೆ ತಾನಾಗಿ ಸೇರಿಕೊಳ್ಳುವುದನ್ನು ನಿಲ್ಲಿಸಿ, ಡ್ರೋನಿನ ಜಾಲಕ್ಕೆ ಸೇರಿಸುತ್ತೇನೆ. ಏರೋಪ್ಲೇನ್ ಮೋಡ್‌ನಿಂದಾಗಿ ನಡುವೆ ಕರೆ ಬಂದು ಪರದೆಯನ್ನು ಮುಚ್ಚುವ ಭಯವೂ ಇರುವುದಿಲ್ಲ. ಫೋನನ್ನು ಓರೆ ಮಾಡಿ ಡ್ರೋನ್ ನಡೆಸುವ ವಿಧಾನವನ್ನು ಮಗುವಿಗೆ ಆರಂಭದಲ್ಲಿ ಕೊಡಬೇಡಿ. ನೋಡಲು ಸುಲಭವೆನಿಸಿದರೂ ಕೈ ನಡುಗಿದಷ್ಟೂ ಡ್ರೋನ್ ಅಲೆದಾಡುತ್ತದೆ.

ಮತ್ತೊಬ್ಬರ ಉತ್ತರ: ರೆಕ್ಕೆಗಳ ಸುತ್ತ ಕಾಪುಪಟ್ಟಿ ಇಲ್ಲದ ಡ್ರೋನನ್ನು ಮನೆಯೊಳಗೆ ಹಾರಿಸಲೇಬೇಡಿ. ರೆಕ್ಕೆ ಮೃದುವಾದ ಪ್ಲಾಸ್ಟಿಕ್ಕಿನದೇ ಆಗಿರಬಹುದು, ಆದರೂ ಕಣ್ಣಿಗೆ ತಗಲಿದರೆ ಅಪಾಯ. ಉದ್ದ ಕೂದಲನ್ನು ಕಟ್ಟಿರಬೇಕು, ಸೀಲಿಂಗ್ ಫ್ಯಾನ್ ಆರಿಸಿರಬೇಕು, ‘ತುರ್ತು ನಿಲುಗಡೆ’ ಗುಂಡಿ ಎಲ್ಲಿದೆ ಎಂಬುದನ್ನು ಮೊದಲ ದಿನವೇ ಮಗು ಕಲಿತಿರಬೇಕು. ಹಾರಾಟದ ಎತ್ತರವನ್ನು ಎದೆಮಟ್ಟದಲ್ಲಿ ಇಡಿ. ತೀರ ಕೆಳಗೆ ಹಾರಿದರೆ ರೆಕ್ಕೆ ತಳ್ಳಿದ ಗಾಳಿಯೇ ನೆಲಕ್ಕೆ ಬಡಿದು ಡ್ರೋನನ್ನು ಅಲುಗಾಡಿಸುತ್ತದೆ, ಛಾವಣಿಗೆ ಸಮೀಪ ಹೋದರೆ ಮೇಲಿನ ಗಾಳಿಯ ಒತ್ತಡ ತಗ್ಗಿ ಅದು ಛಾವಣಿಗೇ ಅಂಟಿಕೊಂಡಂತೆ ಎಳೆದುಕೊಳ್ಳುತ್ತದೆ. ಮೊದಲ ವಾರ ಡ್ರೋನಿನ ಬೆನ್ನು ಸದಾ ಮಗುವಿನ ಕಡೆಗೇ ಇರಲಿ. ಮೂತಿ ನಮ್ಮತ್ತ ತಿರುಗಿದ ಕ್ಷಣದಿಂದ ಎಡ ಬಲಗಳು ಅದಲುಬದಲಾಗುತ್ತವೆ.

ಬ್ಯಾಟರಿಯ ವಿಷಯದಲ್ಲಿ ಸಡಿಲ ಬಿಡಬಾರದು. ಈ ಲಿಥಿಯಂ ಪಾಲಿಮರ್ ಕೋಶಗಳು ಪೂರ್ತಿ ತುಂಬಿದಾಗ ಸಾಮಾನ್ಯವಾಗಿ 4.2 ವೋಲ್ಟ್ ಇರುತ್ತವೆ. ಹಾರಿಸಿದ ಕೂಡಲೇ ಚಾರ್ಜಿಗೆ ಹಾಕದೆ ತಣ್ಣಗಾಗಲು ಬಿಡಿ, ಚಾರ್ಜ್ ಆಗುವಾಗ ಯಾರಾದರೂ ಹತ್ತಿರವಿರಿ, ವಾರಗಟ್ಟಲೆ ಬಳಸದಿದ್ದರೆ ಅರ್ಧದಷ್ಟು ತುಂಬಿಸಿ ತೆಗೆದಿಡಿ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬೇಡಿ. ಹೆಚ್ಚುವರಿ ಬ್ಯಾಟರಿ ಎರಡಾದರೂ ಇಲ್ಲದಿದ್ದರೆ ಮಗು ಹಾರಿಸುವುದಕ್ಕಿಂತ ಕಾಯುವುದೇ ಹೆಚ್ಚಾಗುತ್ತದೆ.

ಕೋರಿದವರಿಂದ, ಮೂರು ವಾರಗಳ ನಂತರ: ನೆಲವನ್ನು ನೋಡುವ ಸೆನ್ಸರ್ ಇರುವ, ಕಾಪುಪಟ್ಟಿಯ ಡ್ರೋನನ್ನೇ ಕೊಂಡೆವು. ಮಗಳು ಜಮಖಾನೆಯ ಮೇಲೆ ಚೌಕಾಕಾರವಾಗಿ ಹಾರಿಸುವುದನ್ನು ಕಲಿತಿದ್ದಾಳೆ, ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಆದರೆ ಎರಡು ದಿನಗಳಿಂದ ಮೇಲೇಳುವಾಗಲೇ ಅದು ಎಡಕ್ಕೆ ವಾಲುತ್ತಿದೆ.

ಉತ್ತರ: ಎಡಗಡೆಯ ಮೋಟಾರುಗಳ ದಂಡಕ್ಕೆ ಕೂದಲೋ ಜಮಖಾನೆಯ ನೂಲೋ ಸುತ್ತಿಕೊಂಡಿರಬಹುದು. ರೆಕ್ಕೆಯನ್ನು ಕಿತ್ತು, ಬೆಳಕಿಗೆ ಹಿಡಿದು ನೋಡಿ, ಸಣ್ಣ ಚಿಮುಟದಿಂದ ಬಿಡಿಸಿ. ರೆಕ್ಕೆ ಬದಲಿಸಿದ್ದರೆ ಅದರ ಮೇಲಿನ ‘ಎ’, ‘ಬಿ’ ಗುರುತುಗಳನ್ನು ಪರೀಕ್ಷಿಸಿ, ಏಕೆಂದರೆ ನಾಲ್ಕರಲ್ಲಿ ಎರಡು ಬಲಸುತ್ತಿನವು, ಎರಡು ಎಡಸುತ್ತಿನವು. ಎರಡೂ ಸರಿಯಿದ್ದರೆ ಡ್ರೋನನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ಆ್ಯಪಿನಲ್ಲಿ ಮತ್ತೊಮ್ಮೆ ಕ್ಯಾಲಿಬ್ರೇಟ್ ಮಾಡಿರಿ, ಅಂದರೆ ಸಮತಟ್ಟು ಯಾವುದೆಂದು ಅದಕ್ಕೆ ಮತ್ತೆ ಗುರುತಿಸಿಕೊಡಿ.