ಅಷ್ಟೊಂದು ನೀರು ಕುಡಿದರೂ ಅಪ್ಪನಿಗೆ ಕಾಲು ಹಿಡಿದುಕೊಳ್ಳುವುದು ಯಾಕೆ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಲಿಂಗಸುಗೂರು ಹತ್ತಿರ ಹಳ್ಳಿ. ಅಪ್ಪನಿಗೆ 58 ವರ್ಷ, ಬಿಪಿ, ಶುಗರ್ ಏನೂ ಇಲ್ಲ. ಈ ಬಿಸಿಲಲ್ಲಿ ಹೊಲದ ಬದು ಹಾಕುತ್ತಿದ್ದಾರೆ. ದಿನಕ್ಕೆ ಐದಾರು ಲೀಟರ್ ನೀರು ಕುಡಿಯುತ್ತಾರೆ, ಆದರೂ ಸಂಜೆಗೆ ಮೀನಖಂಡ ಹಿಡಿದುಕೊಂಡು ಒದ್ದಾಡುತ್ತಾರೆ, ತಲೆ ಸುತ್ತುತ್ತೆ ಅಂತಾರೆ. ನೀರು ಸಾಲುತ್ತಿಲ್ವಾ?

ಉತ್ತರ: ನೀವು ಹೇಳಿದ್ದು ನೋಡಿದರೆ ಸಾಲದೆ ಇರುವುದು ಉಪ್ಪು ಅನಿಸುತ್ತದೆ. ಅಪ್ಪ ಬಿಚ್ಚಿಟ್ಟ ಅಂಗಿ ಒಣಗಿದ ಮೇಲೆ ಬೆನ್ನಿನ ಕಡೆ ನೋಡಿ, ಬಿಳಿ ಗೆರೆ ಕಾಣುತ್ತೆ ಅಲ್ವಾ? ಅದು ಬೆವರಿನ ಜೊತೆ ಹೋದ ಉಪ್ಪು.

ಮೆದುಳಿನ ತಳದಲ್ಲಿ ಬಾದಾಮಿಯಷ್ಟು ದೊಡ್ಡ ಭಾಗ ಒಂದಿದೆ, ಹೈಪೋಥಲಾಮಸ್ ಅಂತ. ಮೈಬಿಸಿ 37 ಡಿಗ್ರಿ ಆಸುಪಾಸು ಇರುವಂತೆ ನೋಡಿಕೊಳ್ಳುವುದು ಅದೇ. ಹೊರಗೆ 42 ಡಿಗ್ರಿ ಇದ್ದರೆ ಗಾಳಿಯೇ ಮೈಗಿಂತ ಬಿಸಿ, ಹಾಗಾಗಿ ಬೆವರು ಆರಿದರೆ ಮಾತ್ರ ಮೈ ತಣ್ಣಗಾಗುತ್ತದೆ. ಗುದ್ದಲಿ ಹಿಡಿದವರಿಗೆ ಗಂಟೆಗೆ ಒಂದು ಲೀಟರ್ ಬೆವರು ಹೋಗಬಹುದು. ಇತ್ತ ರಕ್ತದ ಸೋಡಿಯಂ, ಅಂದರೆ ಉಪ್ಪಿನಲ್ಲಿರುವ ಅಂಶ, ಲೀಟರಿಗೆ 135ರಿಂದ 145 ಮಿಲಿಮೋಲ್ ಒಳಗೇ ಇರಬೇಕು. ಬರೀ ನೀರೇ ಕುಡಿಯುತ್ತಾ ಹೋದರೆ ರಕ್ತ ಸಪ್ಪೆಯಾಗುತ್ತದೆ, ಅದನ್ನು ಸರಿ ಮಾಡಲು ಕಿಡ್ನಿ ನೀರನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ, ಕುಡಿದ ನೀರು ಮೈಯಲ್ಲಿ ನಿಲ್ಲುವುದೇ ಇಲ್ಲ.

ನೀರಿನ ಜೊತೆ ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ ಕಟ್ಟಿಕೊಡಿ. ಓಆರ್‌ಎಸ್ ಆದರೆ ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿಗೆ ಕಲಸಿ. ಬೆಳಿಗ್ಗೆ ಬೇಗ ಹೋಗಿ ಹನ್ನೊಂದರೊಳಗೆ ನೆರಳಿಗೆ ಬರಲಿ. ಆದರೂ ಕಾಲು ಹಿಡಿಯುತ್ತಿದ್ದರೆ ರಕ್ತ ಪರೀಕ್ಷೆ ಮಾಡಿಸಿ. ಬಿಪಿ, ಕಿಡ್ನಿ ತೊಂದರೆ ಇರುವವರು ಮಾತ್ರ ನಿಮ್ಮ ಡಾಕ್ಟರನ್ನು ಕೇಳದೆ ಉಪ್ಪು ಜಾಸ್ತಿ ಮಾಡಬೇಡಿ.

ಪ್ರಶ್ನೆ: ಹೋದ ವರ್ಷ ಪಕ್ಕದ ಹೊಲದಲ್ಲಿ ಕೂಲಿಗೆ ಬಂದಿದ್ದ ಅಣ್ಣ ಒಬ್ಬರು ಬಿಸಿಲಿಗೆ ಬಿದ್ದರು. ಮೈ ಕೆಂಡದಂತೆ ಸುಡುತ್ತಿತ್ತು, ಏನೇನೋ ಮಾತಾಡುತ್ತಿದ್ದರು. ಪ್ಯಾರಾಸಿಟಮಾಲ್ ನುಂಗಿಸಿದೆವು, ಬಿಸಿ ಇಳಿಯಲೇ ಇಲ್ಲ. ಯಾಕೆ?

ಉತ್ತರ: ಇದನ್ನು ದಯವಿಟ್ಟು ಊರಿನವರಿಗೆಲ್ಲ ಹೇಳಿ. ಜ್ವರ ಬಂದಾಗ ಹೈಪೋಥಲಾಮಸ್ ತಾನೇ ಮೈಬಿಸಿಯನ್ನು 39ಕ್ಕೋ 40ಕ್ಕೋ ಏರಿಸುತ್ತದೆ, ಅದಕ್ಕೇ ಸುಡುವ ಮೈಯಲ್ಲೂ ಚಳಿ, ಕಂಬಳಿ ಬೇಕು ಅನಿಸುವುದು. ಪ್ಯಾರಾಸಿಟಮಾಲ್ ಕೆಲಸ ಮಾಡುವುದು ಅಲ್ಲಿ. ಬಿಸಿಲು ಬಡಿದಾಗ ಹೈಪೋಥಲಾಮಸ್ ಇನ್ನೂ 37ಕ್ಕೇ ಇಳಿಸಲು ಒದ್ದಾಡುತ್ತಿರುತ್ತದೆ, ಆದರೆ ಕೈಲಾಗುತ್ತಿರುವುದಿಲ್ಲ. ಮಾತ್ರೆ ಇಳಿಸುವುದಕ್ಕೆ ಅಲ್ಲಿ ಏನೂ ಇಲ್ಲ.

ಮೈ ಸುಡುತ್ತಾ ಮಾತು ತಪ್ಪಿತು ಅಂದರೆ 108ಕ್ಕೆ ಫೋನ್ ಮಾಡಿ. ಗಾಡಿ ಬರುವವರೆಗೆ ಸುಮ್ನೆ ಕೂರಬೇಡಿ. ನೆರಳಿಗೆ ಎಳೆದು, ಅಂಗಿ ಬಿಚ್ಚಿ, ಮೈತುಂಬ ನೀರು ಸುರಿದು, ಟವೆಲ್ಲಿಂದಾದರೂ ಗಾಳಿ ಹಾಕುತ್ತಲೇ ಇರಿ. ಎಚ್ಚರ ಇಲ್ಲದವರ ಬಾಯಿಗೆ ಮಾತ್ರ ನೀರು ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ.