ಡಿಸೆಂಬರ್ ಬಂದರೂ ಪಾಯಿನ್ಸೆಟಿಯಾ ಹಸಿರಾಗೇ ಇದೆ, ಗೇಟಿನ ಪಕ್ಕಕ್ಕೆ ಬೇರೆ ಏನು ಹಾಕಲಿ?

ಗೇಟುತೋಟ: ಬೆಂಗಳೂರು. ಚಳಿಗಾಲದಲ್ಲಿ ಮನೆ ಮುಂದೆ ಬಣ್ಣ ಇರಲಿ ಅಂತಲೇ ತುದಿ ಎಲೆ ಕೆಂಪಾಗುವ ಪಾಯಿನ್ಸೆಟಿಯಾ, ಜೊತೆಗೆ ಸೇವಂತಿಗೆ ಹಾಕಿದ್ದು. ಎರಡೂ ದಷ್ಟಪುಷ್ಟವಾಗಿವೆ, ಆದರೆ ಒಂದು ಕೆಂಪೆಲೆ ಇಲ್ಲ, ಒಂದು ಮೊಗ್ಗಿಲ್ಲ. ನೀರು, ಗೊಬ್ಬರ, ಬಿಸಿಲು ಎಲ್ಲ ಸರಿಯಾಗಿದೆ. ಕಿತ್ತು ಬಿಸಾಕುವಷ್ಟು ಬೇಜಾರಾಗಿದೆ.

ಬೇವಿನಹಿಂಡಿ: ಯಾವ ಗೊಬ್ಬರ? ಸಾರಜನಕ, ರಂಜಕ, ಪೊಟ್ಯಾಶ್ ಸಮಪಾಲಿರುವ 19:19:19 ಆಗಿದ್ದರೆ ಕಾರಣ ಅದೇ. ಸಾರಜನಕ ಜಾಸ್ತಿಯಾದರೆ ಬರೀ ಎಲೆ. ಅದನ್ನು ನಿಲ್ಲಿಸಿ ಸಾರಜನಕ ಇಲ್ಲದ 0:52:34 ಲೀಟರಿಗೆ 3 ಗ್ರಾಂ ಕಲಸಿ ಎಲೆಗೆ ಸಿಂಪಡಿಸಿ.

ಗೇಟುತೋಟ: ಅದೇ ಹಾಕ್ತಿದ್ದಿದ್ದು. ಅಕ್ಟೋಬರಲ್ಲೇ ನಿಲ್ಲಿಸಿಯಾಯ್ತು.

ಬೇವಿನಹಿಂಡಿ: ಮಣ್ಣಲ್ಲಿ ಉಳಿದಿರುತ್ತೆ. ಪೊಟ್ಯಾಶ್ ಕೊಡಿ, ನೀರು ಕಡಿಮೆ ಮಾಡಿ.

ಕುಂಡಸಾಲು: ಕೊನೇ ಸಲ ಕುಡಿ ಚಿವುಟಿದ್ದು ಯಾವಾಗ? ಸೆಪ್ಟೆಂಬರ್ ಮೊದಲ ವಾರದ ಮೇಲೆ ಚಿವುಟಿದರೆ ಬಣ್ಣ ತಡವಾಗುತ್ತೆ.

ಗೇಟುತೋಟ: ಆಗಸ್ಟ್.

ಮಣ್ಣಿನವಳು: ಪಾಯಿನ್ಸೆಟಿಯಾ ಹಾಲು ವಿಷ. ಮಕ್ಕಳಿರುವ ಮನೆಗೆ ಯಾಕೆ ಬೇಕು?

ಕುಂಡಸಾಲು: ಮೇಡಂ, ಚರ್ಮ ತುರಿಸುತ್ತೆ, ಕಣ್ಣಿಗೆ ಬಿದ್ದರೆ ಉರಿಯುತ್ತೆ, ನಿಜ. ಪ್ರಾಣ ತೆಗೆಯುವ ವಿಷ ಅಲ್ಲ. ಕತ್ತರಿಸುವಾಗ ಗ್ಲೌಸ್ ಹಾಕಿದರೆ ಸಾಕು.

ಮಣ್ಣಿನವಳು: ಪುಟ್ಟ ಮಕ್ಕಳು ಗ್ಲೌಸ್ ಹಾಕಲ್ಲ ಸರ್.

ಇರುಳುಗಿಡ: ಎರಡೂ ಗಿಡ ಒಟ್ಟಿಗೇ ನಿಂತುಬಿಟ್ಟಿವೆ, ಸುಳಿವು ಅಲ್ಲೇ ಇದೆ. ಎರಡಕ್ಕೂ ಉದ್ದ ಕತ್ತಲೆ ಬೇಕು. ಗೇಟಿನ ಹತ್ತಿರ ಬೀದಿದೀಪ ಇದೆಯಾ?

ಗೇಟುತೋಟ: ಹೋದ ವರ್ಷ ಎಲ್‌ಇಡಿ ಹಾಕಿದ್ದಾರೆ, ರಾತ್ರಿಯೆಲ್ಲ ಉರಿಯುತ್ತೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಇರುಳುಗಿಡ: ಬೆಂಗಳೂರಲ್ಲಿ ಡಿಸೆಂಬರ್ ರಾತ್ರಿ ಹನ್ನೆರಡೂವರೆ ಗಂಟೆಗೂ ಹೆಚ್ಚು, ಪಾಯಿನ್ಸೆಟಿಯಾಗೆ ಅಷ್ಟು ಸಾಕು. ಆದರೆ ನಡುವೆ ಬೆಳಕು ಬಿದ್ದರೆ ಗಿಡ ಅದನ್ನು ರಾತ್ರಿ ಅಂತ ಎಣಿಸೋದೇ ಇಲ್ಲ. ಚಿಕ್ಕಬಳ್ಳಾಪುರದ ಕಡೆ ಸೇವಂತಿಗೆ ಹೊಲದಲ್ಲಿ ರಾತ್ರಿ ಬಲ್ಬ್ ಉರಿಸೋದು ಮೊಗ್ಗು ತಡೆದು ಗಿಡ ಎತ್ತರ ಮಾಡಲಿಕ್ಕೇ. ನಿಮ್ಮಲ್ಲಿ ಬೀದಿದೀಪ ಅದೇ ಕೆಲಸ ಮಾಡ್ತಿದೆ. ದೀಪಕ್ಕೆ ಮರೆಯಾದ ಕೊಂಬೆ ಏನಾದರೂ ಕೆಂಪಾಗಿದೆಯಾ ನೋಡಿ. ಗಿಡ ಮನೆ ಹಿಂದಕ್ಕೆ ಸರಿಸಿ.

ಗೇಟುತೋಟ: ಕುಂಡ ಅಲ್ಲ, ನೆಲದಲ್ಲಿದೆ. ಕಂಬದ ಮರೆಯ ಒಂದು ಕೊಂಬೆ ತುದಿ ಕೆಂಪಾಗಿದೆ!

ಇರುಳುಗಿಡ: ಹಾಗಾದರೆ ನಾಲ್ಕು ಬಿದಿರು ಗಳ ನೆಟ್ಟು ಎರಡು ಪದರ ಕಪ್ಪು ಬಟ್ಟೆ ಹೊದಿಸಿ, ಸಂಜೆ 5:30ರಿಂದ ಬೆಳಗ್ಗೆ 7:30. ಪ್ಲಾಸ್ಟಿಕ್ ಬೇಡ, ಒಳಗೆ ಬೆವರಿ ಎಲೆಗೆ ಬೂಷ್ಟು ಹಿಡಿಯುತ್ತೆ. 8ರಿಂದ 10 ವಾರ ಒಂದು ರಾತ್ರಿಯೂ ತಪ್ಪಬಾರದು. ಈಗ ಶುರುಮಾಡಿದರೆ ಬಣ್ಣ ಬರೋದು ಫೆಬ್ರವರಿ ಕೊನೆಗೆ. ನನ್ನ ಕೇಳಿದರೆ ಆ ಜಾಗಕ್ಕೆ ಪೆಟೂನಿಯಾ, ಕ್ಯಾಲೆಂಡುಲಾ ಹಾಕಿ, ಅವಕ್ಕೆ ರಾತ್ರಿ ಬೆಳಕು ಅಡ್ಡಿಯಲ್ಲ. ಬೀಜ ಹಾಕುವ ಕಾಲ ಮುಗೀತು, ನರ್ಸರಿಯಿಂದ ಸಸಿ ತನ್ನಿ. ಎರಡು ಪಾಲು ಕೆಂಪು ಮಣ್ಣು, ಒಂದೊಂದು ಪಾಲು ಕಾಂಪೋಸ್ಟ್, ಕೊಕೊಪಿಟ್ (ತೆಂಗಿನ ನಾರಿನ ಪುಡಿ). ಸಸಿ ನಡುವೆ 9 ಇಂಚು. ಹೂ ಬೇಡ ಅಂದರೆ ಕ್ರೋಟನ್ ವರ್ಷವಿಡೀ ಬಣ್ಣ ಕೊಡುತ್ತೆ.

ಬೇವಿನಹಿಂಡಿ: ದೀಪ ಇರಬಹುದು, ಆದರೂ ಪೊಟ್ಯಾಶ್ ಕೊಟ್ಟು ನೋಡಿ.

ಕುಂಡಸಾಲು: ಪೆಟೂನಿಯಾಗೆ ಮೇಲಿಂದ ನೀರು ಹಾಕಬೇಡಿ, ಹೂ ಕೊಳೆಯುತ್ತೆ. ನಮ್ಮ ತಾರಸಿಯ 40 ಕುಂಡಕ್ಕೂ ಗಂಟೆಗೆ 2 ಲೀಟರಿನ ಡ್ರಿಪ್ಪರ್ ಹಾಕಿ ಟೈಮರಿಗೆ ಕೊಟ್ಟಿದೀನಿ, ಬೆಳಗ್ಗೆ ಹತ್ತು ನಿಮಿಷ.

ಮಣ್ಣಿನವಳು: ಟೈಮರ್ ಬ್ಯಾಟರಿದಾ ಕರೆಂಟಿಂದಾ ಸರ್? ತಾರಸಿ ಟ್ಯಾಂಕಿನ ಕಡಿಮೆ ಪ್ರೆಷರಲ್ಲಿ ಅದರ ವಾಲ್ವ್ ತೆರೆಯುತ್ತಾ?