ಅಪ್‌ಡೇಟ್: 2,800ರ ಕಾಲ್ 1,400 ಆದ ಕತೆ

ರಿಲಯನ್ಸ್‌ನ 2,800ರ ಕಾಲ್ ಆಪ್ಷನ್ (ಗೊತ್ತಾದ ಬೆಲೆಗೆ ಮುಂದೆ ಷೇರು ಕೊಳ್ಳುವ ಹಕ್ಕು) ರಾತ್ರೋರಾತ್ರಿ 1,400 ಆಗಿದೆ, ದುಡ್ಡು ಮುಳುಗಿತೇ ಎಂದು ಬೆಳಗಾವಿಯಿಂದ ನಿಮ್ಮನ್ನು ಗಾಬರಿಯಲ್ಲಿ ಕೇಳಿದ್ದವನು ನಾನೇ. ಮುಳುಗಿರಲಿಲ್ಲ. 2024ರ ಅಕ್ಟೋಬರ್ 28ಕ್ಕೆ 1:1 ಬೋನಸ್ ಷೇರು, ಅಂದರೆ ಒಂದು ಷೇರಿಗೆ ಇನ್ನೊಂದು ಉಚಿತ, ಲೆಕ್ಕಕ್ಕೆ ಬಂದಿತ್ತು. ಹಾಗಾಗಿ ಸ್ಟ್ರೈಕ್ (ಆ ಗೊತ್ತಾದ ಬೆಲೆ) ಅರ್ಧವಾಯಿತು, ಲಾಟ್ (ಒಂದು ಒಪ್ಪಂದದಲ್ಲಿನ ಷೇರುಗಳ ಸಂಖ್ಯೆ) 250ರಿಂದ 500 ಆಯಿತು. ನೀವು ಹೇಳಿದಂತೆ ಶಹಾಪುರದ ಚಹಾದಂಗಡಿಯಲ್ಲಿ ಕುಳಿತು ಬಿಲ್ಲಿನ ಬೆನ್ನಿನ ಮೇಲೆ ಗುಣಿಸಿ ನೋಡಿದೆ: ನಾನು ಕೊಂಡಿದ್ದು ಷೇರಿಗೆ 40 ರೂಪಾಯಿ ಪ್ರೀಮಿಯಂನಂತೆ (ಆಪ್ಷನ್‌ಗೆ ತೆರುವ ಬೆಲೆ) 250, ಈಗಿನ ಲೆಕ್ಕದಲ್ಲಿ 20ರಂತೆ 500. ಎರಡೂ ಹತ್ತು ಸಾವಿರವೇ. "ಒಂದು ಕಿಲೋ ಕುಂದಾವನ್ನು ಎರಡು ಡಬ್ಬಿಗೆ ಹಾಕಿದರೆ ತೂಕ ಕಡಿಮೆಯಾಗುತ್ತದೆಯೇ?" ಎಂದು ಮಾವ ನಕ್ಕರು.

ಲಾಭಾಂಶದ್ದು ಬೇರೆ ಲೆಕ್ಕ. ಅದು ಷೇರು ಬೆಲೆಯ ಶೇ. 2ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಸ್ಟ್ರೈಕ್ ಬದಲಾಗುವುದಿಲ್ಲ.

ಕಂಪನಿಯ ಲಾಭ-ನಷ್ಟದ ಫಲಿತಾಂಶದ ಹಿಂದಿನ ದಿನ ಆಪ್ಷನ್ ಕೊಳ್ಳಬೇಡ ಎಂದಿದ್ದಿರಿ, ನಾನು ಕೇಳಲಿಲ್ಲ. ಬೇರೊಂದು ಕಂಪನಿಯ ಕಾಲ್ ಕೊಂಡೆ. ಮರುದಿನ ಷೇರು ತುಸು ಏರಿತು, ಪ್ರೀಮಿಯಂ ಮಾತ್ರ ಜರ್ರನೆ ಇಳಿಯಿತು. ಏನಾಗುವುದೋ ಎಂಬ ಕುತೂಹಲಕ್ಕೇ ಹೆಚ್ಚು ಬೆಲೆ ತೆತ್ತಿದ್ದೆ, ಸುದ್ದಿ ಹೊರಬಿದ್ದೊಡನೆ ಅದು ಆವಿಯಾಯಿತು. ಎಷ್ಟು ಹೋಯಿತೆಂದು ಮಾವನಿಗೆ ಇನ್ನೂ ಹೇಳಿಲ್ಲ.